ಕಿವಿಗೆ ಬಿದ್ದದ್ದು

ಸತ್ವಾ, ದುಬೈ
14 ನವೆಂಬರ್ 2024

ಪ್ರೀತಿಯ ಗೇಬ್ರಿಗೆ,

ಅಬ್ದುಲ್ಲನ ಸಲಾಂಗಳು. ನಿನ್ನ ಮನೆಯಾಕೆ ಉರ್ಸುಲಾ ಬಾಯಿಗೂ ನನ್ನ ಸಲಾಂ ಹೇಳು. ನಿನ್ನ ಮೊಣಕಾಲಿನ ಆಪರೇಶನ್ ಸುಸೂತ್ರವಾಗಿ ಆಯಿತೆಂದು ನಮ್ಮ ಮನೆಯವಳು ನಫೀಸ ಊರಿನಿಂದ ಫೋನಿನಲ್ಲಿ ಹೇಳಿದಳು. ಎರಡು ತಿಂಗಳಿನಿಂದ ನಿನ್ನ ಮೆಸೇಜುಗಳಿಗೆ ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟು ಮಾಡಬೇಡ. ಮದುವೆ ಸೀಸನ್ನಿಗೆ ಹೊಲಿಯಬೇಕಾದ ಬಟ್ಟೆ ಅಂಗಡಿ ತುಂಬ ರಾಶಿ ಬಿದ್ದಿತ್ತು, ನನ್ನ ಸೋಮಾರಿತನವೂ ಅದರ ಜತೆ ಸೇರಿಕೊಂಡಿತು. ನೀನು ಕ್ಷೇಮವೆಂದು ತಿಳಿದು ಖುಷಿಯಾಯಿತು. ನಾನೂ ಕ್ಷೇಮ ಎಂದು ಬರೆಯಲು ಹೊರಟೆ, ಕೈ ನಿಂತಿತು.

ಹದಿನೈದು ವರ್ಷದ ಮೇಲೆ ಇವ ಯಾಕೆ ಕಾಗದ ಬರೆದ ಎಂದು ನಿನಗೆ ಆಶ್ಚರ್ಯವಾಗಬಹುದು. ಇದು ಫೋನಿನಲ್ಲಿ ಮಾತಾಡುವ ವಿಷಯವಲ್ಲ ಮಾರಾಯ. ನಮ್ಮ ಬಿಲ್ಡಿಂಗಿನ ಪರ್ಲ್, ಶಿರ್ವದ ಹುಡುಗಿ, ಕ್ಲಿನಿಕ್ಕಿನಲ್ಲಿ ನರ್ಸು, ನಾಳೆ ರಜೆಯಲ್ಲಿ ಹೋಗುತ್ತಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಒಳಗೆ ಏನಿದೆಯೆಂದು ಅವಳಿಗೆ ಗೊತ್ತಿಲ್ಲ. ಓದಿ ಆದ ಮೇಲೆ ಒಲೆಗೆ ಹಾಕು.

ನಿನ್ನ ಸ್ಕ್ಯಾನರ್ ಇನ್ನೂ ನನ್ನ ಹತ್ತಿರವೇ ಉಂಟು. ಪೊಲೀಸರ, ಆಂಬುಲೆನ್ಸಿನ ವಯರ್‌ಲೆಸ್ ಮಾತನ್ನು ಗಾಳಿಯಿಂದ ಹಿಡಿದು ನಮ್ಮ ಕಿವಿಗೆ ಹಾಕುತ್ತಿದ್ದ ಆ ಕಪ್ಪು ಪೆಟ್ಟಿಗೆ. ಊರಿಗೆ ಹೋಗುವಾಗ ನೀನು ನನ್ನ ಕೈಯಲ್ಲಿ ಇಟ್ಟು, "ಬೇಡವಾದರೆ ಒಡೆದು ಬಿಸಾಡು" ಎಂದಿದ್ದೆ. ಒಡೆಯಲು ಮನಸ್ಸು ಬರಲಿಲ್ಲ. ನಾನು, ನೀನು, ನಿನ್ನ ತಮ್ಮ ಮೊರಿಸ್ ಒಂದೇ ಕೋಣೆಯಲ್ಲಿದ್ದ ದಿನಗಳು ನೆನಪಾಗುತ್ತವೆ. ಕದ್ದು ಕೇಳುವುದು ತಿಳಿದರೆ ಜೈಲೆಂದು ಕರ್ಟನ್ ಎಳೆದು, ಒಂದು ಇಯರ್‌ಫೋನಿನ ಎರಡು ತುದಿಗೆ ನಾವಿಬ್ಬರು. ಗುಂಡಿ ತಿರುಗಿಸುವುದು ರೇಡಿಯೋ ಮೆಕ್ಯಾನಿಕ್ ಆದ ನಿನ್ನ ಕೆಲಸ, ಅರಬಿಯನ್ನು ಕನ್ನಡ ಮಾಡುವುದು ನನ್ನದು. ಮೊರಿಸ್ ಮಾತ್ರ ಗೋಡೆ ಕಡೆ ತಿರುಗಿ, "ನಿಮ್ಮಿಬ್ಬರಿಗೂ ಮರ್ಲ್" ಎಂದು ಮಲಗುತ್ತಿದ್ದ. ಪಾರ್ಕಿನಲ್ಲಿ ತಪ್ಪಿಸಿಕೊಂಡ ಮಗು, ಹೆದ್ದಾರಿಯ ನಡುವೆ ಮಲಗಿದ ಒಂಟೆ, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮದುವೆ ಹುಡುಗ. ಕಂಟ್ರೋಲ್ ರೂಮಿನ ಆ ಮುದುಕನಿಗೆ ನೀನು 'ದೊಡ್ಡಪ್ಪ' ಎಂದು ಹೆಸರಿಟ್ಟಿದ್ದೆ. ಅವನು ರಿಟೈರ್ ಆದ ದಿನ ಒಬ್ಬೊಬ್ಬ ಪೊಲೀಸನೂ ತನ್ನ ಗಾಡಿಯಿಂದ ಅವನಿಗೆ ಸಲಾಂ ಹೇಳಿದ್ದನ್ನು ನಾನು ಕನ್ನಡ ಮಾಡುತ್ತಾ ಹೋದೆ, ನೀನು ಕಣ್ಣೊರೆಸಿಕೊಂಡೆ. ಅವನು ಯಾರು, ಹೇಗಿದ್ದ, ನಮಗೇನು ಗೊತ್ತಿತ್ತು?

ಆಮೇಲೆ ಒಂದೊಂದೇ ಚಾನೆಲ್ ಹೊಸ ಮಾದರಿಗೆ ಹೋಯಿತು. ಮಾತಿದ್ದ ಕಡೆ ಮಿಕ್ಸಿಗೆ ಒಣಮೆಣಸು ಹಾಕಿದಂಥ ಗರಗರ. ಅದನ್ನು ಬಿಡಿಸುವ ಬೀಗದ ಕೈ ಅವರ ಹತ್ತಿರ ಮಾತ್ರ. ನೀನು ಊರಿಗೆ ಹೋದೆ. ಕರಾಮದ ಕ್ಯಾಮೆರಾ ಅಂಗಡಿಯ ಗೋವಾದವನು ತನ್ನ ಸೆಟ್ಟನ್ನು ಸಮುದ್ರಕ್ಕೆ ಹಾಕಿದೆ ಎಂದ. ಈಗ ಈ ಚಟದವರು ಇಡೀ ದುಬೈಯಲ್ಲಿ ನಾನೊಬ್ಬನೇ ಇರಬೇಕು. ಮಗಳು ಮಿನ್ಹಾ ಅಲ್ ಐನ್‌ನಿಂದ ಬಂದಾಗೊಮ್ಮೆ ಆ ಗರಗರ ಕೇಳಿ, "ಉಪ್ಪ, ಎಲ್ಲಾ ನ್ಯೂಸೂ ಫೋನಲ್ಲೇ ಬರ್ತದೆ. ವೈ ಡು ಯು ನೀಡ್ ದಿಸ್?" ಎಂದಿದ್ದಳು. ಹೌದು, ಎಲ್ಲ ಬರುತ್ತದೆ. ಬರುವುದು ಮುಗಿದು ಹೋದ ಸುದ್ದಿ. ನಾವು ಕೇಳುತ್ತಿದ್ದದ್ದು ಆಗುತ್ತಿರುವಾಗಲೇ.

ನನ್ನ ಪಾಲಿಗೆ ಕೊನೆಗೆ ಉಳಿದದ್ದು ಒಂದೇ ಚಾನೆಲ್. ನಮ್ಮ ಅಂಗಡಿಯ ಹಿಂದೆ ಹಳೆ ವಿಲ್ಲಾಗಳನ್ನು ಕೆಡವಿ ದೊಡ್ಡ ಕಟ್ಟಡ ಏಳುತ್ತಿದೆ. ಆ ಸೈಟಿನವರ ವಾಕಿಟಾಕಿಗೆ ಬೀಗವಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುತ್ತೇವಲ್ಲ, ಆಗ ಮೇಲಿನ ಕೋಣೆಯಲ್ಲಿ ಒರಗಿ ಅವರ ಮಾತು ಕೇಳುತ್ತೇನೆ. ಕ್ರೇನಿನ ಪಠಾಣ ಎಲ್ಲದಕ್ಕೂ "ಆರಾಮ್ ಸೇ" ಎನ್ನುತ್ತಾನೆ. ಅದೂ ಒಂದು ಜತೆ.

ಮೊನ್ನೆ ಮಂಗಳವಾರ ಮೂರೂವರೆ ದಾಟಿತ್ತು. ಕಣ್ಣು ಹತ್ತುತ್ತಿತ್ತು. ಯಾರೋ ಕಿರಿಚಿದ: "ಮಿಟ್ಟಿ ಗಿರ್ ಗಯಾ! ಶಫೀಕುಲ್ ನೀಚೆ ಹೈ!" ಪೈಪು ಹಾಕಲು ಅಗೆದ ಹೊಂಡದ ಮಣ್ಣು ಕುಸಿದು ಶಫೀಕುಲ್ ಎಂಬುವನು ಅಡಿಗೆ ಬಿದ್ದಿದ್ದ. ನಾನು ಎದ್ದು ಕೂತೆ. ಆಂಬುಲೆನ್ಸ್ ಕರೆಯುತ್ತಾರೆ ಎಂದುಕೊಂಡೆ. ಫೋರ್‌ಮನ್ನನ ಸ್ವರ ಬಂತು. ಯಾರೂ ರೇಡಿಯೋದಲ್ಲಿ ಮಾತಾಡಬೇಡಿ, ಯಾರೂ ಹೊರಗೆ ಫೋನ್ ಮಾಡಬೇಡಿ, ಇಂಜಿನಿಯರ್ ಸಾಹೇಬರು ಬರುತ್ತಿದ್ದಾರೆ, ಅಲ್ಲಿವರೆಗೆ ಕೈಯಲ್ಲಿ ತೋಡಿ ಎಂದ. ಪಠಾಣ ಮಾತ್ರ ಸುಮ್ಮನಿರಲಿಲ್ಲ. "ಸಾಬ್, ಹಾಥ್ ಹಿಲ್ ರಹಾ ಹೈ," ಎಂದ. ಕೈ ಅಲ್ಲಾಡುತ್ತಿದೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಅದೇ ಮಾತು. ಆಮೇಲೆ ಅದೂ ನಿಂತಿತು.

ನಿನ್ನಲ್ಲಿ ಸುಳ್ಳು ಹೇಳುವುದಿಲ್ಲ. ನಾನು ಇಪ್ಪತ್ತು ನಿಮಿಷ ಏನೂ ಮಾಡಲಿಲ್ಲ. ನಿಂತೆ, ಕೂತೆ, ನೀರು ಕುಡಿದೆ, ಬಾತ್‌ರೂಮಿಗೆ ಹೋದೆ, ಫೋನ್ ತೆಗೆದುಕೊಂಡೆ, ಹಾಸಿಗೆ ಮೇಲೆ ಕವುಚಿ ಇಟ್ಟೆ. ಮೂವತ್ತೊಂದು ವರ್ಷದಿಂದ ಈ ದೇಶದಲ್ಲಿ ಒಂದು ಟ್ರಾಫಿಕ್ ಫೈನ್ ಇಲ್ಲದೆ ಬದುಕಿದವನು ನಾನು. ಗೊತ್ತಾದದ್ದು ಹೇಗೆ ಎಂದು ಕೇಳಿದರೆ? ಸೆಟ್ಟು ಸಿಕ್ಕಿದರೆ? ಕೇಸು, ಜೈಲು, ವಿಮಾನ. ಮಿನ್ಹಾಳ ಕೆಲಸಕ್ಕೂ ಏನಾದರೂ ಆದರೆ? ಕಡೆಗೆ ಚಪ್ಪಲಿ ಹಾಕಿಕೊಂಡು ಸೈಟಿನ ಗೇಟಿಗೆ ಹೋದೆ. ನೇಪಾಳದ ವಾಚ್‌ಮನ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ.

"ಒಳಗೆ ಏನೋ ಆಗಿದೆಯಲ್ಲ?" ಎಂದು ಹಿಂದಿಯಲ್ಲಿ ಕೇಳಿದೆ.

"ಏನೂ ಆಗಿಲ್ಲ. ಹೋಗು ಚಾಚಾ," ಎಂದ. ಕೈ ಹಿಂದೆ ಮಾಡಿ ಗೇಟಿನ ಚಿಲಕ ಎಳೆದುಕೊಂಡ.

ಎರಡು ಹೆಜ್ಜೆ ವಾಪಸು ಬಂದು, ರಸ್ತೆಯಲ್ಲೇ ನಿಂತು, ನನ್ನದೇ ಫೋನಿನಿಂದ ಒಂಬತ್ತು ಮೂರು ಸಲ ಒತ್ತಿ ಪೊಲೀಸರಿಗೆ ಫೋನ್ ಮಾಡಿದೆ. ಮಣ್ಣಿನಡಿ ಒಬ್ಬ ಇದ್ದಾನೆ ಎಂದು ಅರಬಿಯಲ್ಲಿ ಹೇಳಿದೆ. "ನೀನು ಕಣ್ಣಾರೆ ನೋಡಿದೆಯಾ?" ಎಂದು ಹೆಂಗಸೊಬ್ಬಳು ಕೇಳಿದಳು. ನೋಡಿದೆ ಎಂದೆ. ಹೆಸರು ಕೇಳಿದಳು. ಹೇಳಿದೆ. ಅದು ಯಾರದೋ ಹೆಸರಿನ ಹಾಗೆ ಕೇಳಿಸಿತು.

ಹತ್ತು ನಿಮಿಷದೊಳಗೆ ಎಲ್ಲ ಗಾಡಿಗಳೂ ಬಂದವು. ಅರ್ಧ ಗಂಟೆಯ ಮೇಲೆ ಸ್ಟ್ರೆಚರಿನಲ್ಲಿ ಮಣ್ಣಿನ ಬಣ್ಣದ ಒಂದು ದೇಹವನ್ನು ತಂದರು, ಮುಖಕ್ಕೆ ಆಮ್ಲಜನಕದ ಮಾಸ್ಕ್ ಇತ್ತು. ಮಾಸ್ಕ್ ಇದೆಯೆಂದರೆ ಜೀವ ಇದೆ ಎಂದು ಲೆಕ್ಕ ಹಾಕಿದೆ. ನಾಲ್ಕಕ್ಕೆ ತೆರೆಯಬೇಕಾದ ಅಂಗಡಿಯನ್ನು ಐದಕ್ಕೆ ತೆರೆದೆ.

ನಿನ್ನೆ ಸ್ಟೇಷನ್ನಿನಿಂದ ಫೋನ್ ಬಂತು. ಸೋಮವಾರ ಹತ್ತು ಗಂಟೆಗೆ ಬರಬೇಕು, ಎಲ್ಲಿ ನಿಂತು ನೋಡಿದೆ ಎಂದು ತೋರಿಸಬೇಕು. ಗೇಬ್ರಿ, ಸೈಟಿನ ಸುತ್ತ ಎರಡಾಳು ಎತ್ತರದ ತಗಡಿನ ಬೇಲಿ. ನನ್ನ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಎ.ಸಿ. ಮಾತ್ರ. ಎಲ್ಲಿಂದ ತೋರಿಸಲಿ?

ಸೆಟ್ಟನ್ನು ಕಸದ ಡಬ್ಬಿಗೆ ಹಾಕೋಣವೆಂದರೆ ಪ್ರತಿ ಮೂಲೆಯಲ್ಲೂ ಕ್ಯಾಮೆರಾ. ಒಡೆಯಲು ಸುತ್ತಿಗೆ ತೆಗೆದುಕೊಂಡು, ಸದ್ದು ಕೆಳಗೆ ಕೇಳಿಸುತ್ತದೆಂದು ಬಿಟ್ಟೆ. ಲೈನಿಂಗ್ ಬಟ್ಟೆಯ ತಾನಿನೊಳಗೆ ಸುತ್ತಿ ಇಟ್ಟಿದ್ದೇನೆ. ಗಿರಾಕಿಗಳು ಅಳತೆ ಕೊಡಲು ಕೈ ಎತ್ತಿ ನಿಂತರೆ ನನ್ನ ಕಣ್ಣು ಆ ತಾನಿನ ಮೇಲೆ. ನಿನ್ನೆ ಒಬ್ಬಳ ಎದೆಯಳತೆಯನ್ನು ಎರಡು ಸಲ ತಪ್ಪು ಬರೆದೆ.

ನಫೀಸಳಿಗೆ ಹೇಳಬೇಡ. ನನ್ನಿಂದ ಮುಂದಿನ ತಿಂಗಳ ಹತ್ತನೆಯ ತಾರೀಕಿನವರೆಗೂ ಸುದ್ದಿ ಇಲ್ಲವೆಂದಾದರೆ ಮಾತ್ರ ಮೂಳೂರಿಗೆ ಹೋಗಿ ಅವಳ ಹತ್ತಿರ ಕೂತು ಹೇಳು. ಫೋನಿನಲ್ಲಿ ಬೇಡ.

ನಿನ್ನ ಮನೆಯ ಪ್ರಾರ್ಥನೆಯಲ್ಲಿ ನನ್ನ ಹೆಸರೂ ಇರಲಿ.

ನಿನ್ನ
ಅಬ್ದುಲ್ಲ


ಸತ್ವಾ
5 ಡಿಸೆಂಬರ್ 2024

ಪ್ರೀತಿಯ ಗೇಬ್ರಿಗೆ,

ಸಲಾಂ. ನಾನು ಹೊರಗೇ ಇದ್ದೇನೆ, ಮೊದಲು ಅದನ್ನು ತಿಳಿದುಕೊ. ನೀನು ಕಾದು ಸೋತು ಉರ್ಸುಲಾ ಬಾಯಿಯ ಫೋನಿನಿಂದ "ಬಟ್ಟೆ ಹೊಲಿದಾಯಿತಾ?" ಎಂದು ಕೇಳಿದ್ದು ಅರ್ಥವಾಯಿತು. ಹೆದರಿಕೆಯ ನಡುವೆಯೂ ನಗು ಬಂತು. ಉತ್ತರಿಸಲು ನನ್ನ ಹತ್ತಿರ ಫೋನ್ ಇರಲಿಲ್ಲ. ನಫೀಸಳಿಗೆ, ಫೋನ್ ಹಾಳಾಗಿದೆ ಎಂದು ಮಿನ್ಹಾಳಿಂದ ಹೇಳಿಸಿದ್ದೆ. ಆ ಮೆಸೇಜನ್ನು ಮೊನ್ನೆ ಹೊಸ ಫೋನ್ ತೆಗೆದುಕೊಂಡ ಮೇಲೆ ನೋಡಿದ್ದು. ಈ ಕಾಗದವನ್ನು ಕಾಪುವಿಗೆ ಹೊರಟ ಗಿರಾಕಿಯೊಬ್ಬರು ತರುತ್ತಾರೆ.

ಸೋಮವಾರ ಬೆಳಿಗ್ಗೆ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ಪಾಠ: ನೋಡಲಿಲ್ಲ, ಕೂಗು ಕೇಳಿಸಿತು, ಗಾಬರಿಯಲ್ಲಿ ನೋಡಿದೆ ಎಂದೆ. ಮದರಸದಲ್ಲಿ ಉಸ್ತಾದರ ಬೆತ್ತದ ಮುಂದೆ ಹೇಳುತ್ತಿದ್ದ ಹಾಗೆ ಬಾಯಿಪಾಠ ಮಾಡಿದ್ದೆ.

ಆಫೀಸರ್ ನಮ್ಮ ಮಿನ್ಹಾಳಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಒಳ್ಳೆಯ ಮಾತಿನವನು. ಕೂರಿಸಿದ, ಚಹಾ ತರಿಸಿದ. ಆ ಚಹಾವನ್ನು ನಾನು ಮುಟ್ಟಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ನನ್ನ ಪಾಠ ಒಪ್ಪಿಸಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದ.

"ಮಣ್ಣು ಕುಸಿದದ್ದು ಮೂರು ನಲವತ್ತೆರಡಕ್ಕೆ. ನೀನು ಗೇಟಿಗೆ ಬಂದದ್ದು ನಾಲ್ಕು ಎರಡಕ್ಕೆ, ಕ್ಯಾಮೆರಾದಲ್ಲಿದೆ. ಬಂದವನೇ ಒಳಗೆ ಏನೋ ಆಗಿದೆ ಎಂದು ಕೇಳಿದ್ದೀ. ಆ ಹೊತ್ತಿಗೆ ಯಾರೂ ಕೂಗುತ್ತಿರಲಿಲ್ಲ. ಅಬ್ದುಲ್ಲ, ನಿನ್ನ ಕೋಣೆಯಲ್ಲಿ ಎ.ಸಿ. ಹಾಕಿದರೆ ಕಿಟಕಿ ಮುಚ್ಚುತ್ತೀಯೋ, ತೆರೆದಿಡುತ್ತೀಯೋ?"

"ಮುಚ್ಚುತ್ತೇನೆ."

"ಮತ್ತೆ?"

ಅವನು ಇನ್ನೊಂದು ಹಾಳೆ ತೆಗೆದ. ಸೈಟಿನ ಕಂಟ್ರಾಕ್ಟರ್ ಒಂದು ದೂರು ಕೊಟ್ಟಿದ್ದ: ನಮ್ಮ ರೇಡಿಯೋವನ್ನು ಹೊರಗಿನ ಯಾರೋ ಕದ್ದು ಕೇಳುತ್ತಿದ್ದಾರೆ. ಮನುಷ್ಯನನ್ನು ಮಣ್ಣಿನಡಿ ಇಟ್ಟುಕೊಂಡು ಬಾಯಿ ಮುಚ್ಚಿಸಿದವನು, ಕಳ್ಳನನ್ನು ಹಿಡಿಯಿರಿ ಎಂದು ದೂರು ಕೊಟ್ಟಿದ್ದ.

ಗೇಬ್ರಿ, ಬಾಯಿ ತೆರೆದಾಗ ಯಾವ ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ನನ್ನ ಹತ್ತಿರ ಕೇಳುವ ಸೆಟ್ಟು ಇದೆ. ಹಳೆಯದು. ಮಾತಾಡುವುದಿಲ್ಲ, ಕೇಳುತ್ತದೆ ಅಷ್ಟೆ," ಎಂದೆ. ಯಾರು ಕೊಟ್ಟರು ಎಂದು ಕೇಳಿದ. ಹಳೆ ಸಾಮಾನಿನ ಅಂಗಡಿಯಲ್ಲಿ ತಗೊಂಡದ್ದು ಎಂದೆ. ನಿನ್ನ ಹೆಸರು ಎಲ್ಲಿಯೂ ಇಲ್ಲ, ನಿಶ್ಚಿಂತೆಯಿಂದಿರು.

ಇಬ್ಬರು ಪೊಲೀಸರು ನನ್ನ ಜತೆ ಬಂದರು. ಹನ್ನೊಂದೂವರೆಯ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಪರ್ಲ್‌ಳ ರೂಮ್‌ಮೇಟ್ ಜೆಸ್ಸಿ ತನ್ನ ಸಲ್ವಾರ್ ತೆಗೆದುಕೊಂಡು ಹೋಗಲು ಬಂದಿದ್ದವಳು ಗೋಡೆಗೆ ಒತ್ತಿ ನಿಂತಳು. ಲೈನಿಂಗ್ ತಾನನ್ನು ನಾನೇ ಬಿಚ್ಚಿದೆ. ಬಟ್ಟೆ ಸುತ್ತು ಸುತ್ತಾಗಿ ನೆಲಕ್ಕೆ ಬಿತ್ತು. ಸೆಟ್ಟು ಅವರ ಕೈ ಸೇರಿದಾಗ ಒಬ್ಬ ಪೊಲೀಸ್ ಅದನ್ನು ಆಚೆ ಈಚೆ ತಿರುಗಿಸಿ, "ಇದು ಏನು ಹಿಡಿಯುತ್ತದೆ ಈಗ?" ಎಂದು ಇನ್ನೊಬ್ಬನಲ್ಲಿ ಕೇಳಿದ. "ಮಾಫಿ," ಎಂದ ಇನ್ನೊಬ್ಬ. ಏನೂ ಇಲ್ಲ. ಅವರ ವಯಸ್ಸಿಗೆ ಅದು ಮ್ಯೂಸಿಯಂ ಸಾಮಾನು.

ಸೆಟ್ಟು ಹೋಯಿತು, ಫೋನ್ ಹೋಯಿತು, ಪಾಸ್‌ಪೋರ್ಟ್ ಅವರಲ್ಲಿದೆ. ಕರೆದಾಗ ಬರಬೇಕು. ಯಾವಾಗ ಕರೆಯುತ್ತಾರೆಂದು ಹೇಳಲಿಲ್ಲ. ಅದೇ ಕಷ್ಟ. ಕತ್ತರಿ ಹಿಡಿದರೆ ಬಟ್ಟೆಯ ಮೇಲಿನ ಗೆರೆ ಎರಡಾಗಿ ಕಾಣುತ್ತದೆ. ರಸ್ತೆಯಲ್ಲಿ ಗಾಡಿ ನಿಧಾನ ಮಾಡಿದರೆ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಹೋಗಿ ಇಣುಕುತ್ತೇನೆ. ಅಂಗಡಿಯ ಬಾಗಿಲಿನ ಗಂಟೆಯನ್ನು ಬಿಚ್ಚಿ ಡ್ರಾವರಿಗೆ ಹಾಕಿದ್ದೇನೆ.

ಶುಕ್ರವಾರ ಮಿನ್ಹಾ ಬಂದಳು. ಬಾಗಿಲು ಹಾಕಿ, ಬ್ಯಾಗನ್ನೂ ಕೆಳಗಿಡದೆ ಶುರು ಮಾಡಿದಳು. "ಉಪ್ಪ, ಆರ್ ಯು ಮ್ಯಾಡ್? ನಿಮ್ಮದೇ ನಂಬರಿಂದ ಯಾಕೆ ಮಾಡಿದ್ದು?"

"ಬೇರೆ ಯಾರ ನಂಬರಿಂದ ಮಾಡ್ಲಿ ಮೋಳೆ? ಅವರಿಗೆ ತೊಂದರೆ ಅಲ್ವಾ?"

"ಅಲ್ಲಿ ಐವತ್ತು ಜನ ಇದ್ರು. ಅವರ ಕೈಯಲ್ಲೆಲ್ಲ ಫೋನ್ ಉಂಟು. ಅವರಿಗಿಲ್ಲದ್ದು ನಿಮಗೆ ಎಂತಕ್ಕೆ? ನಾಳೆ ನನ್ನ ಲ್ಯಾಬಲ್ಲಿ ಯಾರಾದ್ರೂ ಕೇಳಿದ್ರೆ ನಾನು ಎಂತ ಹೇಳುವುದು? ವೈ ಯು?"

ಬೈದು ಬೈದು ಅತ್ತಳು. ಅವಳಿಗೂ ಹೆದರಿಕೆ, ಪಾಪ. ನನ್ನ ಹತ್ತಿರ ಉತ್ತರ ಇತ್ತು. ಅವಳಿಗೆ ಕೊಡುವಂಥದ್ದಲ್ಲವೆಂದು ಸುಮ್ಮನಾದೆ.

ಒಂದು ಒಳ್ಳೆ ಸುದ್ದಿ. ಸೈಟಿನ ಆ ನೇಪಾಳಿ ವಾಚ್‌ಮನ್ ಪ್ಯಾಂಟಿನ ತುದಿ ಮಡಚಿಸಲು ಬಂದಿದ್ದ. ಪ್ಯಾಂಟ್ ಸರಿಯಾಗಿಯೇ ಇತ್ತು. ಬಗ್ಗಿ, "ಚಾಚಾ, ಅವನು ಬದುಕಿದ್ದಾನೆ. ಎರಡೂ ಕಾಲಿಗೆ ಪ್ಲಾಸ್ಟರ್. ಮಾತಾಡುತ್ತಿದ್ದಾನೆ," ಎಂದು ಹೇಳಿ ಹೋದ. ಗೇಟಿನಲ್ಲಿ ನಾನು ಕೇಳಿದ್ದನ್ನು ಪೊಲೀಸರಿಗೆ ಹೇಳಿದ್ದು ಅವನೇ. ಆದರೂ ಅವನ ಮೇಲೆ ಕೋಪ ಬರಲಿಲ್ಲ. ಪ್ಯಾಂಟನ್ನು ಚೆನ್ನಾಗಿ ಇಸ್ತ್ರಿ ಮಾಡಿ ಕೊಟ್ಟೆ.

ಇನ್ನು ಬರೆಯಲು ಕೈ ಓಡುತ್ತಿಲ್ಲ. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿ ಮಾಡುವಾಗ ನನ್ನ ಪಾಲು ಮೂಳೂರಿಗೆ ಕಳಿಸು, ನಫೀಸ ಕಾಯುತ್ತಾಳೆ. ನಿಮಗೆಲ್ಲ ದೇವರು ಆಯುಸ್ಸು ಕೊಡಲಿ.

ನಿನ್ನ
ಅಬ್ದುಲ್ಲ


ಸತ್ವಾ
15 ಜನವರಿ 2025

ಪ್ರೀತಿಯ ಗೇಬ್ರಿಗೆ,

ಸಲಾಂ. ಹೊಸ ವರ್ಷ ನಿನ್ನ ಮನೆಗೆ ಸುಖ ತರಲಿ. ತಡ ಮಾಡಿದ್ದು ಬೇಕೆಂದೇ. ಏನಾದರೂ ಒಂದು ತೀರ್ಮಾನವಾಗದೆ ಪೆನ್ನು ಮುಟ್ಟಬಾರದೆಂದು ಮನಸ್ಸು ಮಾಡಿದ್ದೆ. ಈಗ ಆಗಿದೆ.

ಏಳನೆಯ ತಾರೀಕು ಕರೆ ಬಂತು. ಅದೇ ಆಫೀಸರ್. ಈ ಸಲ ಚಹಾ ಇರಲಿಲ್ಲ. ನಾಲ್ಕು ಕಡೆ ಸಹಿ ಹಾಕಿಸಿದ. ಸೆಟ್ಟು ವಾಪಸು ಇಲ್ಲ, ಇನ್ನು ಮುಂದೆ ಅಂಥದ್ದು ಯಾವುದೂ ಇಟ್ಟುಕೊಳ್ಳುವುದಿಲ್ಲವೆಂದು ಒಪ್ಪಿಗೆ ಪತ್ರ. ಪಾಸ್‌ಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆ ದೂಡಿದ. ಕೇಸು ಇಲ್ಲ ಎಂದು ಅರ್ಥವಾಗಲು ನನಗೆ ಹೊತ್ತು ಹಿಡಿಯಿತು.

"ಇನ್ನೊಂದು ಹತ್ತು ನಿಮಿಷವಾಗಿದ್ದರೆ ಅವನು ಸಾಯುತ್ತಿದ್ದ, ಡಾಕ್ಟರ್ ಬರೆದಿದ್ದಾರೆ," ಎಂದ. ಆಮೇಲೆ, "ಇಪ್ಪತ್ತು ನಿಮಿಷ ಯಾಕೆ ಕಾದೆ?" ಎಂದ.

"ಹೆದರಿಕೆ."

"ಯಾರ ಹೆದರಿಕೆ?"

ನಾನು ಅವನ ಯೂನಿಫಾರ್ಮ್ ನೋಡಿದೆ. ಅವನಿಗೆ ತಿಳಿಯಿತು. ಕಣ್ಣು ಕೆಳಗೆ ಹಾಕಿದ. "ಖಲಾಸ್. ಹೋಗು ಚಾಚಾ," ಎಂದ. ಹುಡುಗ ಒಳ್ಳೆಯವನು.

ಆ ಕಂಟ್ರಾಕ್ಟರನ ಮೇಲೆ ಕೇಸಾಗಿದೆ. ಸೈಟು ನಿಂತಿದೆ. ಇನ್ನು ಹೆದರಿಕೆ ಮುಗಿಯಿತೆಂದು ನಾನು ಮಸೀದಿಗೆ ಹೋಗಿ ಬಂದೆ. ಮರುದಿನ ಅಂಗಡಿಯ ಮಾಲೀಕರು, ನಮ್ಮ ಅರ್ಬಾಬ್, ಬಂದರು. ನಿನಗೆ ನೆನಪಿರಬಹುದು, ಆಗ ಅವರ ತಂದೆ ಇದ್ದರು, ಇವರು ಅಂಗಡಿಗೆ ಬಂದು ಬಟನ್ ಡಬ್ಬಿಯಲ್ಲಿ ಆಡುತ್ತಿದ್ದ ಚಿಕ್ಕ ಹುಡುಗ. ಕಟಿಂಗ್ ಟೇಬಲಿನ ಎದುರು ನಿಂತರು, ಕೂರಲಿಲ್ಲ. "ಅಬ್ದುಲ್ಲ, ನೀನು ಒಳ್ಳೆಯ ಕೆಲಸ ಮಾಡಿದೆ. ಆದರೆ ನನಗೆ ಎರಡು ಸಲ ಫೋನ್ ಬಂತು. ನನಗೆ ಮಕ್ಕಳಿದ್ದಾರೆ," ಎಂದರು. ನನ್ನ ವೀಸಾ ಈ ತಿಂಗಳಿಗೆ ಮುಗಿಯುತ್ತದೆ, ಅವರು ಮತ್ತೆ ಮಾಡಿಸುವುದಿಲ್ಲ. ಅವರಿಗೂ ಹೆದರಿಕೆ, ಏನು ಹೇಳಲಿ. ಅವರ ತಂದೆಗೆ, ಅವರಿಗೆ, ಅವರ ಮಗನಿಗೆ ಮೂರು ತಲೆಮಾರಿಗೂ ಈದಿನ ಬಟ್ಟೆ ಹೊಲಿದ ಕೈ ನನ್ನದು. ಸರಿ ಎಂದೆ.

ಹೀಗೆ ಮೂವತ್ತೊಂದು ವರ್ಷ ಒಂದು ಸೂಟ್‌ಕೇಸಿನೊಳಗೆ ಹಿಡಿಯಿತು. ಹೊಲಿಗೆ ಮೆಷಿನನ್ನು ಜೆಸ್ಸಿಗೆ ಕೊಟ್ಟೆ. ಮಿನ್ಹಾ ರಜೆ ಹಾಕಿ ಬಂದು ಬಟ್ಟೆ ಮಡಚಿ ಇಡುತ್ತಿದ್ದಾಳೆ. ಬೈಯುವುದಿಲ್ಲ ಈಗ. ನಿನ್ನೆ ಶಫೀಕುಲ್‌ನನ್ನು ನೋಡಲು ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. ಇಪ್ಪತ್ತೆರಡು ವರ್ಷದ ಬಡಪಾಯಿ, ಗಡ್ಡ ಸಹ ಸರಿಯಾಗಿ ಬಂದಿಲ್ಲ. ನಾನು ಯಾರೆಂದು ಹೇಳಲಿಲ್ಲ. ಅವನು ನಿದ್ದೆಯಲ್ಲಿದ್ದ. ಕಾಲಿನ ಪ್ಲಾಸ್ಟರಿನ ಮೇಲೆ ಅವನ ಜತೆಯವರು ಬಂಗಾಳಿಯಲ್ಲಿ ಏನೇನೋ ಬರೆದಿದ್ದರು. ಹೊರಗೆ ಬಂದು ಮಿನ್ಹಾ ನನ್ನ ಕೈ ಹಿಡಿದುಕೊಂಡಳು. "ಉಪ್ಪ, ಇನ್ನು ನಾನು ಕೇಳುವುದಿಲ್ಲ ಯಾಕೆ ಅಂತ," ಎಂದಳು.

ಇಪ್ಪತ್ತಾರಕ್ಕೆ, ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಬಜ್ಪೆಗೆ ಇಳಿಯುತ್ತೇನೆ. ನಫೀಸಳಿಗೆ ನಾನೇ ಫೋನಿನಲ್ಲಿ ಹೇಳಿದ್ದೇನೆ, ಕೆಲಸ ಸಾಕಾಯಿತು, ಬರುತ್ತಿದ್ದೇನೆ ಎಂದು. ಅವಳು ಖುಷಿಯಲ್ಲಿದ್ದಾಳೆ.

ನಿನ್ನ ಮೊಣಕಾಲಿಗೆ ಬಲ ಬರಲಿ. ಉರ್ಸುಲಾ ಬಾಯಿಯ ಕೈಯಡುಗೆಗೆ ಬರಕತ್ತಿರಲಿ. ನಿನ್ನ ಮನೆಬಾಗಿಲಿಗೆ ಕೆಟ್ಟ ಸುದ್ದಿ ಯಾವತ್ತೂ ಬಾರದಿರಲಿ.

ನಿನ್ನ
ಅಬ್ದುಲ್ಲ

ತಾ.ಕ.: ಸಹಿ ಮಾಡಿ ಎರಡು ದಿನವಾಯಿತು, ಲಕೋಟೆ ಅಂಟಿಸಿಲ್ಲ. ನಾಳೆ ಊರಿಗೆ ಹೊರಟವರೊಬ್ಬರ ಕೈಗೆ ಕೊಡಬೇಕು. ಮಿನ್ಹಾಳಿಗೆ ಕೊಡದ ಉತ್ತರ ನಿನಗೆ ಸೇರಬೇಕಾದದ್ದು. ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಇದ್ದಿದ್ದರೆ ಇಪ್ಪತ್ತೈದು ವರ್ಷ ಬೇಕಾಗುತ್ತಿರಲಿಲ್ಲ.

ನಿನ್ನ ತಮ್ಮ ಮೊರಿಸ್ ಆಕ್ಸಿಡೆಂಟ್ ಆದ ಜಾಗದಲ್ಲೇ ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದು ನಾನು ನಿನಗೂ ನಿನ್ನ ಅಮ್ಮನಿಗೂ ಹೇಳಿದ್ದೆ. ಅದು ಸುಳ್ಳು.

ತೊಂಬತ್ತೊಂಬತ್ತರ ಮೇ ಇಪ್ಪತ್ತೆಂಟು, ಶುಕ್ರವಾರ. ನೀನು ಮದುವೆಗೆಂದು ಊರಿನಲ್ಲಿದ್ದೆ, ಮದುವೆಯಾಗಿ ಹನ್ನೆರಡು ದಿನ. ಮೊರಿಸ್ ಹೋಟೆಲಿನ ಲಾಂಡ್ರಿ ವ್ಯಾನ್ ತೆಗೆದುಕೊಂಡು ಅಲ್ ಐನ್ ಕಡೆಗೆ ಹೋಗಿದ್ದ. ಜುಮಾ ನಮಾಜು ಮುಗಿಸಿ ಬಂದು ನಾನು ಸೆಟ್ಟು ಹಾಕಿ ಕೂತಿದ್ದೆ. ಮೂರು ಗಂಟೆಗೆ ಬಂತು. ಅಲ್ ಐನ್ ರಸ್ತೆ, ಟೈರ್ ಸಿಡಿದು ವ್ಯಾನ್ ಮಗುಚಿದೆ, ಒಳಗೆ ಒಬ್ಬ ಹಿಂದಿ, ಅಂದರೆ ನಮ್ಮ ದೇಶದವನು, ಜೀವ ಇದೆ. ವ್ಯಾನಿನ ನಂಬರ್ ಹೇಳಿದರು. ಆ ವ್ಯಾನ್ ದಿನಾ ನಮ್ಮ ಕಿಟಕಿಯ ಕೆಳಗೆ ನಿಲ್ಲುತ್ತಿತ್ತು. ಯಾವ ಆಸ್ಪತ್ರೆಗೆ ತರುತ್ತಿದ್ದಾರೆ ಎಂದೂ ಹೇಳಿದರು. ನಮ್ಮ ಕೋಣೆಯಿಂದ ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷದ ದಾರಿ.

ನಾನು ಹೋಗಲಿಲ್ಲ. ನಿನಗೆ ಯಾರು ಹೇಳಿದರು ಎಂದು ಕೇಳುತ್ತಾರಲ್ಲ, ಆ ಹೆದರಿಕೆಗೆ. ಹೋಟೆಲಿನವರು ಫೋನ್ ಮಾಡಲಿ, ಆಗ ಹೊರಡೋಣ ಎಂದು ಅಂಗಿ ಹಾಕಿಕೊಂಡು, ಚಪ್ಪಲಿ ಹಾಕಿಕೊಂಡು, ಫೋನಿನ ಪಕ್ಕ ಕೂತೆ. ಫೋನ್ ಬಂದದ್ದು ಎಂಟು ಗಂಟೆಗೆ. ಅವನು ಏಳಕ್ಕೆ ಹೋಗಿದ್ದ. ನಾಲ್ಕು ಗಂಟೆ ಬದುಕಿದ್ದ, ಗೇಬ್ರಿ, ಎಚ್ಚರದಲ್ಲಿದ್ದ, ಹತ್ತಿರ ನಮ್ಮವರು ಒಬ್ಬರೂ ಇರಲಿಲ್ಲ. ಆಮೇಲೆ ನೀನು ವಾಪಸು ಬಂದೆ, ಎಷ್ಟೋ ವರ್ಷ ಅದೇ ಇಯರ್‌ಫೋನಿನ ಇನ್ನೊಂದು ತುದಿ ಹಿಡಿದು ನನ್ನ ಪಕ್ಕದಲ್ಲಿ ಕೂತೆ. ನಾನು ಎಲ್ಲವನ್ನೂ ಕನ್ನಡ ಮಾಡಿ ಹೇಳಿದೆ, ಇದೊಂದನ್ನು ಬಿಟ್ಟು.

ಇಪ್ಪತ್ತಾರಕ್ಕೆ ಏರ್‌ಪೋರ್ಟಿಗೆ ನೀನು ಬರುವೆಯೆಂದು ನಫೀಸ ಹೇಳಿದಳು. ಇದನ್ನು ಓದಿದ ಮೇಲೆ ಬರಬೇಕೆಂದಿಲ್ಲ. ಬೈಯಲಿಕ್ಕೆ ಬಂದರೂ ಸಾಕು.

ಆ ರಾತ್ರಿ ಮೊರಿಸ್‌ನ ವಾಚು, ಕೊರಳಿನ ಶಿಲುಬೆ ನನ್ನ ಕೈಗೆ ಕೊಟ್ಟವಳು ಒಬ್ಬಳು ಫಿಲಿಪಿನೋ ನರ್ಸು. ಅವನು ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದ, ನಮಗೆ ಯಾರಿಗೂ ತಿಳಿಯಲಿಲ್ಲ, ನಿಮ್ಮ ಭಾಷೆಯೇ ಇರಬೇಕು ಎಂದಳು. "ಉದಾಕ್, ಉದಾಕ್." ಕೊಂಕಣಿಯವರ ಜತೆ ಆರು ವರ್ಷ ಒಂದೇ ಕೋಣೆಯಲ್ಲಿದ್ದವನಿಗೆ ನೀರಿಗೆ ಏನೆನ್ನುತ್ತಾರೆಂದು ಗೊತ್ತಿರುವುದಿಲ್ಲವೇ? ಅದರ ಅರ್ಥ ಏನು ಎಂದು ಅವಳು ನನ್ನ ಮುಖ ನೋಡಿ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.